ನಮ್ಮ ಬಾವಿಯ ಸಮುದ್ರ

ನಮ್ಮ ಮನೆಯ ಕಿಟಕಿಗೆ ಹೊಸ ಗಾಜು ಕೂರಿಸಲು ಬಂದವನು ಇವತ್ತು ಬೆಳಗ್ಗೆ ಜಗಲಿಯ ಮೇಲೆ ಕುಳಿತು ಪುಟ್ಟಿ ನಾದುತ್ತಿದ್ದ. ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಬೆರೆತಾಗ ಏಳುವ ಆ ವಾಸನೆ ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ಗಾಣದ ಮನೆಯನ್ನೂ ಶಾಲೆಯ ಕರಿಹಲಗೆಯನ್ನೂ ಒಟ್ಟಿಗೇ ಮೂಸಿದ ಹಾಗೆ ಅಂದುಕೊಳ್ಳಿ. ನನಗಂತೂ ಆ ವಾಸನೆ ಮೂಗಿಗೆ ಬಡಿದರೆ ಮೀನು ನೆನಪಾಗುತ್ತದೆ. ಪುಟ್ಟಿಗೂ ಮೀನಿಗೂ ಎತ್ತಣಿಂದೆತ್ತ ಸಂಬಂಧ ಎನ್ನುತ್ತೀರಿ. ಸಂಬಂಧ ಕುದುರಿಸಿದವರು ನಮ್ಮ ಮಾವನವರು.

ನಾನು ಶಿರಾದಿಂದ ಪಾವಗಡಕ್ಕೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ. ಮಾವನವರದು ಮೊಳೆ, ಚಿಲಕ, ಕಿಟಕಿ ಗಾಜು, ಬಣ್ಣ, ಮಂಗಳೂರು ಹೆಂಚು ಮಾರುವ ಅಂಗಡಿ. ಬೆಳಗ್ಗೆ ಲಿಂಗಪೂಜೆ ಮುಗಿಸಿ ಬೀಗ ತೆಗೆದರೆಂದರೆ ಕತ್ತಲಾಗುವ ತನಕ ಗಲ್ಲಾಪೆಟ್ಟಿಗೆ ಬಿಟ್ಟು ಏಳುತ್ತಿರಲಿಲ್ಲ. ನೆಂಟರ ಮದುವೆಗೂ ಧಾರೆಯ ಹೊತ್ತಿಗೆ ಹೋಗಿ ಅಕ್ಕಿಕಾಳು ಹಾಕಿ ಊಟಕ್ಕೂ ನಿಲ್ಲದೆ ಬರುವವರು. ಅಂಗಡಿಯ ಬೀಗದ ಕೈ ಅವರ ಸೊಂಟದಲ್ಲೇ ಇರಬೇಕು. ದಿನವಿಡೀ ಅವರ ಪಕ್ಕದಲ್ಲೇ ಕೂರುತ್ತಿದ್ದ ನನ್ನ ಗಂಡನ ಕೈಗೂ ಅದನ್ನು ಕೊಟ್ಟವರಲ್ಲ.

ಅತ್ತೆಗೆ ಒಂದೇ ಒಂದು ಆಸೆ ಇತ್ತು, ಸಮುದ್ರ ನೋಡಬೇಕೆಂದು. ಹೊಸದಾಗಿ ಮದುವೆಯಾದಾಗ ಮಾವ ತೋರಿಸುತ್ತೇನೆ ಎಂದಿದ್ದರಂತೆ. ಆಮೇಲೆ ಪ್ರತಿ ಸಲವೂ "ಅಂಗಡಿ ಯಾರು ನೋಡ್ತಾರೆ" ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತಿತ್ತು. ನಾನು ಆ ಮನೆ ಸೇರುವ ಹೊತ್ತಿಗೆ ಅತ್ತೆ ಕೇಳುವುದನ್ನೇ ಬಿಟ್ಟಿದ್ದರು. ಕೇಳುವುದನ್ನು ಬಿಟ್ಟ ಹೆಂಡತಿ ಗಂಡನಿಗೆ ಎಷ್ಟು ಭಾರ ಎಂಬುದು ಮಾವನವರ ಮುಖ ನೋಡಿದರೆ ತಿಳಿಯುತ್ತಿತ್ತು.

ಅವರ ಮೀನಿನ ಹುಚ್ಚು ಯಾವಾಗ ಶುರುವಾಯಿತೋ ಗೊತ್ತಿಲ್ಲ. ಬೆಂಗಳೂರಿಗೆ ಸರಕು ತರಲು ಹೋದಾಗ ಯಾವುದೋ ಹೋಟೆಲಿನಲ್ಲಿ ಗಾಜಿನ ತೊಟ್ಟಿ ನೋಡಿ ಬಂದವರು, ಅದರ ಬೆಲೆ ಕೇಳಿದ್ದಕ್ಕೇ ಮೈ ಬೆವರಿತು ಎಂದು ಹೇಳಿ ನಗುತ್ತಿದ್ದರು. ಕೊಂಡು ತರುವ ಜಾಯಮಾನ ಅವರದಲ್ಲ. ಮೂಲೆ ಮುರಿದು ಮಾರಾಟವಾಗದೆ ಬಿದ್ದಿದ್ದ ಗಾಜುಗಳನ್ನು ತಾವೇ ಕೊಯ್ದರು. ಗೇಟು ಮಾಡುವವನ ಹತ್ತಿರ ಉಳಿದಿದ್ದ ಕಬ್ಬಿಣದ ಪಟ್ಟಿಗಳನ್ನು ಬೆಸೆಸಿ ಚೌಕಟ್ಟು ಮಾಡಿಸಿದರು. ಒಳಗಡೆ ಪುಟ್ಟಿ ಮೆತ್ತಿ ನೀರು ತುಂಬಿಸಿದರೆ ಎಲ್ಲ ಮೂಲೆಯಲ್ಲೂ ಸೋರಿತು. ನಾನು ಚಿಂದಿ ಬಟ್ಟೆ ಹಿಡಿದು ಒರೆಸಲು ಓಡಿದೆ.

"ತಾಳಮ್ಮ, ಗಾಬರಿ ಯಾಕೆ? ನೀರೇ ಗಾಜನ್ನ ಒತ್ತಿ ಒತ್ತಿ ಸಂದು ಮುಚ್ಕಂತದೆ," ಎಂದರು ಮಾವ. ಹಾಗೇ ಆಯಿತು. ಸಂಜೆಯ ಹೊತ್ತಿಗೆ ಸೋರುವುದು ನಿಂತಿತ್ತು.

ನೀರಿಗೆ ಗಾಳಿ ಊದಲು ಕರೆಂಟಿನ ಯಂತ್ರ ಬೇಕಂತೆ. ಯಂತ್ರ ಇರಲಿ, ಕರೆಂಟೇ ಬಂದಾಗ ಬಂತು ಹೋದಾಗ ಹೋಯಿತು. ಹೆಂಚಿನ ಲೋಡು ತರುತ್ತಿದ್ದ ಲಾರಿ ಡ್ರೈವರ್ ಬಾಷಾನಿಂದ ಮಾವ ಹಳೆಯ ಟ್ಯೂಬು ಇಸಿದುಕೊಂಡರು. ಆಸ್ಪತ್ರೆಯ ಕಾಂಪೌಂಡರನ ಕೈಕಾಲು ಹಿಡಿದು ಗ್ಲೂಕೋಸ್ ಹಾಕುವ ಕೊಳವೆ ತಂದರು. ಟ್ಯೂಬಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬುವುದು, ಅದರ ಬಾಯಿಗೆ ಕೊಳವೆ ಬಿಗಿಯುವುದು, ಕೊಳವೆಯ ತುದಿಯನ್ನು ತೊಟ್ಟಿಯಲ್ಲಿ ಮುಳುಗಿಸುವುದು. ರೋಗಿಗೆ ಹನಿ ಹನಿಯಾಗಿ ಬಿಡುವ ಆ ಪುಟ್ಟ ಚಕ್ರವನ್ನು ತಿರುಗಿಸಿದರೆ ಗಾಳಿ ಗುಳ್ಳೆಗುಳ್ಳೆಯಾಗಿ ಏಳುತ್ತಿತ್ತು. ನಡುಮನೆಯಲ್ಲಿ ಒಂದು ಲಾರಿ ಟ್ಯೂಬು ಸದಾ ಉಬ್ಬಿಕೊಂಡು ಮಲಗಿರುತ್ತಿತ್ತು. ಬಂದ ನೆಂಟರು ಅದನ್ನು ದಿಂಬೆಂದುಕೊಂಡು ಒರಗಿದರೆ ತೊಟ್ಟಿಯಲ್ಲಿ ನೀರು ಕುದಿಯತೊಡಗುತ್ತಿತ್ತು.

ಊರಾಚೆಯ ಕುಂಟೆಯಿಂದ, ಅಂದರೆ ಮಳೆನೀರು ನಿಲ್ಲುವ ಹೊಂಡದಿಂದ ಹಿಡಿದು ತಂದ, ಮೈಮೇಲೆ ಸಣ್ಣ ಪಟ್ಟೆಗಳಿದ್ದ ಮೀನುಗಳು ಆ ತೊಟ್ಟಿಯಲ್ಲಿ ಸುಖವಾಗಿದ್ದವು. ಆದರೆ ನಮ್ಮದು 'ಮೀನು' ಎಂಬ ಪದವನ್ನೇ ಆಡದ ಮನೆ. ಪಂಚಾಂಗದಲ್ಲಿ ಮೀನ ರಾಶಿ ಬಂದರೆ ಅತ್ತೆ "ಕೊನೇ ರಾಶಿ" ಎನ್ನುತ್ತಿದ್ದರು. ತೊಟ್ಟಿಯಲ್ಲಿರುವವಕ್ಕೆ "ಗಂಗಮ್ಮನ ಮಕ್ಕಳು" ಎಂದು ಹೆಸರಿಟ್ಟರು, ಗಾಜಿಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದರು. ಊಟ ಕಡಲೆಕಾಯಿ ಹಿಂಡಿ, ಅಕ್ಕಿ ತೌಡು. ಶುದ್ಧ ಶಾಕಾಹಾರ. ಕಲಗಚ್ಚಿನ ಬಾನಿಯಲ್ಲಿ ಹುಟ್ಟುವ ಸೊಳ್ಳೆಮರಿಗಳನ್ನು ಮಾವ ಚಹಾ ಸೋಸುವ ಜಾಲರಿಯಲ್ಲಿ ಹಿಡಿದು ಅವಕ್ಕೆ ಕದ್ದು ಉಣಿಸುತ್ತಿದ್ದ ವಿಷಯ ನನಗೆ ಮಾತ್ರ ಗೊತ್ತಿತ್ತು. ಆ ಜಾಲರಿಯಲ್ಲಿ ಸೋಸಿದ ಚಹಾ ನಾನು ಕುಡಿಯುತ್ತಿರಲಿಲ್ಲ ಎಂಬುದು ಬೇರೆ ಮಾತು.

ಇಷ್ಟೆಲ್ಲ ಸರಿ, ತಕರಾರು ಬಂದದ್ದು ನೀರಿನದು. ಪಾವಗಡದಲ್ಲಿ ಸಂಸಾರ ಮಾಡಿದವರಿಗೆ ಎರಡು ಬಗೆಯ ನೀರಿನ ಲೆಕ್ಕ ಬಾಯಿಪಾಠ. ಊರಾಚೆಯ ಬಾವಿಯಿಂದ ಹೊತ್ತು ತರುವುದು ಸಿಹಿನೀರು, ಕುಡಿಯಲು, ಬೇಳೆ ಬೇಯಿಸಲು. ಹಿತ್ತಿಲ ಬಾವಿಯದು ಉಪ್ಪುನೀರು, ಉಳಿದದ್ದಕ್ಕೆಲ್ಲ. ಗಂಗಮ್ಮನ ಮಕ್ಕಳಿಗೆ ಮಾವ ಸಿಹಿನೀರನ್ನೇ ಹುಯ್ಯುತ್ತಿದ್ದರು. ಅತ್ತೆ ಹನಿ ನೀರು ಚೆಲ್ಲಿದವರಲ್ಲ. ಅಕ್ಕಿ ತೊಳೆದ ನೀರು ಹಸುವಿಗೆ, ಮುಖ ತೊಳೆದ ನೀರು ಕರಿಬೇವಿಗೆ. ಬೇಸಗೆಯಲ್ಲಿ ಅವರು ಕೊಡವನ್ನು ಇಳಿಸಿ, ಸೊಂಟ ಹಿಡಿದುಕೊಂಡು, ತೊಟ್ಟಿಯ ಕಡೆ ಒಂದು ನೋಟ ಬೀರುತ್ತಿದ್ದರು. ಆ ನೋಟವೇ ಸಾಕಾಗಿತ್ತು.

ಅಂಥ ಒಂದು ದಿನ ಮಾವನವರಿಗೆ ಆ ಯೋಚನೆ ಹೊಳೆಯಿತು. ಊಟಕ್ಕೆ ಕೂತವರು ಮುದ್ದೆ ಮುರಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನನ್ನು ಕರೆದರು.

"ಏಮ್ಮಾ, ನೀನು ಸೈನ್ಸು ಓದಿದೋಳು. ಸಮುದ್ರದಾಗೆ ಇರೋದು ಎಂಥ ನೀರು?"

"ಉಪ್ಪುನೀರು ಮಾವ."

"ನಮ್ಮ ಹಿತ್ಲಾಗೆ ಇರೋದು?"

"ಉಪ್ಪುನೀರು."

"ಮತ್ತೆ? ಸಿಹಿನೀರು ಯಾಕೆ ಹೊರಬೇಕು? ಸಮುದ್ರದವನ್ನೇ ತಂದ್ರೆ ಆತಲ್ಲ. ಬಾವಿ ತುಂಬಾ ಐತೆ, ಬಿಟ್ಟಿ."

ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದ ಜಂಭ ನನ್ನಲ್ಲಿ ಇನ್ನೂ ಆರಿರಲಿಲ್ಲ. ಆದರೂ ಈ ಮಾತಿನಲ್ಲಿ ತಪ್ಪೆಲ್ಲಿದೆ ಎಂದು ನನಗೆ ಹೊಳೆಯಲಿಲ್ಲ. ನಮ್ಮ ಕಡೆಯವರು ಆ ಎರಡು ನೀರಿಗೂ ಒಂದೇ ಹೆಸರಿಟ್ಟಿದ್ದರು. ಹೆಸರು ಒಂದಾದ ಮೇಲೆ ನೀರು ಬೇರೆ ಎಂದು ಯಾರಿಗೆ ಅನಿಸುತ್ತದೆ? ನಾನು ತಲೆಯಾಡಿಸಿದೆ. ಮಾವ ಒಳಗೆ ರೊಟ್ಟಿ ತಟ್ಟುತ್ತಿದ್ದ ಅತ್ತೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಇವಳನ್ನ ಸಮುದ್ರಕ್ಕೆ ಕರ್ಕೊಂಡೋಗಾಕಾಗ್ಲಿಲ್ಲ. ಸಮುದ್ರನೇ ಮನೆಗೆ ತರ್ತೀನಿ ಕಣಮ್ಮ."

ಅವರು ಇನ್ನೊಂದು ತೊಟ್ಟಿ ಮಾಡಿದರು, ಮೊದಲಿನದಕ್ಕಿಂತ ದೊಡ್ಡದು. ಬಾಷಾನಿಗೆ ಮುಂದಿನ ಲೋಡಿಗೆ ಮಂಗಳೂರಿಗೆ ಹೋದಾಗ ಸಮುದ್ರದ ಮೀನು ತರಲು ಹೇಳಿದರು. ಅವನು ಶಿರಾದವನು, ನನ್ನ ತವರಿನ ಕಡೆಯವನೆಂದು ನನ್ನನ್ನು ಅಕ್ಕನ ಹಾಗೆ "ಆಪಾ" ಎಂದು ಕರೆಯುತ್ತಿದ್ದ. ಹೋಗುವಾಗ ಟ್ಯೂಬು, ಕೊಳವೆ ಎಲ್ಲ ಒಯ್ದ. ಬಂಡೆಗಳ ಸಂದಿನಲ್ಲಿ ನಿಂತ ಅಲೆನೀರಿನಲ್ಲಿದ್ದ ಪುಟ್ಟ ಮೀನುಗಳನ್ನು ಅಲ್ಲಿಯ ಯಾರೋ ಬೆಸ್ತರು ಹಿಡಿದುಕೊಟ್ಟರಂತೆ. ಕ್ಯಾನುಗಳ ತುಂಬ ಸಮುದ್ರದ ನೀರನ್ನೂ ತುಂಬಿಸಿ ಕಳಿಸಿದ್ದರು.

"ಎಲ್ಲಾ ಜಿಂದಾ ಅವೆ ಸಾವ್ಕಾರ್ರೆ. ದಾರಿ ಉದ್ದಕ್ಕೂ ಕ್ಲೀನರ್ ಗಾಳಿ ಹೊಡ್ದೌನೆ," ಎಂದು ಬಾಷಾ ಕ್ಯಾನು ಇಳಿಸಿದ.

ಬಣ್ಣಬಣ್ಣದ್ದು ಬರುತ್ತದೆಂದು ಕಾದಿದ್ದ ನಮಗೆ ಕಂಡದ್ದು ಮಣ್ಣು ಬಣ್ಣದ, ಚುಕ್ಕೆ ಚುಕ್ಕೆಯ, ಗೋಲಿಗಣ್ಣಿನ ಮೀನುಗಳು. ಮಾವನವರಿಗೆ ಅವೇ ಮುತ್ತುರತ್ನ. ಅತ್ತೆಯನ್ನು ಕರೆದು ಸ್ಟೂಲು ಹಾಕಿ ಕೂರಿಸಿದರು. "ನೋಡು, ಸಮುದ್ರ ಬಂದೈತೆ ನಿನ್ನ ಮನೆಗೆ," ಎಂದರು. ಅತ್ತೆ ನಕ್ಕದ್ದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅಂದೇ. ಮೀನು ತೆಗೆದ ಮೇಲೆ ಕ್ಯಾನಿನಲ್ಲಿ ಉಳಿದ ನೀರನ್ನು ಬಾಷಾ ಚರಂಡಿಗೆ ಸುರಿಯಲು ಹೊರಟಾಗ ಮಾತ್ರ ಅವರು ಎದ್ದು ತಡೆದರು. "ನೀರು ಚೆಲ್ಲಬ್ಯಾಡಪ್ಪ. ಯಾತಕ್ಕಾದ್ರೂ ಆದೀತು," ಎಂದು ಅದನ್ನೆಲ್ಲ ಮೂಲೆಯ ಮಣ್ಣಿನ ಗುಡಾಣಕ್ಕೆ ಹುಯ್ಯಿಸಿದರು.

ಅಷ್ಟರಲ್ಲಿ ಮಾವ ನಮ್ಮ ಬಾವಿಯ ನೀರು ತುಂಬಿದ್ದ ಹೊಸ ತೊಟ್ಟಿಗೆ ಮೀನುಗಳನ್ನು ಬಿಟ್ಟಿದ್ದರು. ಅವು ಒಂದು ಸುತ್ತು ಬಂದವು. ಆಮೇಲೆ ಕಿವಿರುಗಳು ಜೋರಾಗಿ ಬಡಿದುಕೊಳ್ಳತೊಡಗಿದವು. ಒಂದು ಪಕ್ಕಕ್ಕೆ ವಾಲಿತು. ಇನ್ನೊಂದು ಹೊಟ್ಟೆ ಮೇಲಾಯಿತು. "ಗಾಳಿ ಸಾಲ್ದೇನೋ" ಎಂದು ಮಾವ ಪಂಪು ಹೊಡೆದರು. "ಉಪ್ಪು ಸಾಲ್ದೇನೋ" ಎಂದು ಅಡಿಗೆಮನೆಯಿಂದ ಕಲ್ಲುಪ್ಪಿನ ಮಡಕೆಯನ್ನೇ ತಂದು ಹಿಡಿಹಿಡಿಯಾಗಿ ಹಾಕಿದರು. ಒಂದೊಂದಾಗಿ ಎಲ್ಲವೂ ತೇಲತೊಡಗಿದವು.

ಆಗ ಅತ್ತೆ ಎದ್ದು ಬಂದರು. ಅವರು ಸೆರಗು ಸಿಕ್ಕಿಸಿ, ಬಳೆ ಮೇಲೆ ಸರಿಸಿ, ಕೈಯನ್ನು ತೊಟ್ಟಿಗೆ ಇಳಿಸಿದರು. 'ಮೀನ ರಾಶಿ' ಎನ್ನಲು ಹಿಂಜರಿಯುತ್ತಿದ್ದ ಹೆಂಗಸು ಇನ್ನೂ ಮಿಸುಕುತ್ತಿದ್ದ ಒಂದು ಮೀನನ್ನು ಬೊಗಸೆಯಲ್ಲಿ ಎತ್ತಿ, ಓಡಿಹೋಗಿ ಮೂಲೆಯ ಗುಡಾಣಕ್ಕೆ ಬಿಟ್ಟರು. ನಾನು ಕೊಳವೆಯನ್ನು ಕಿತ್ತು ಅದಕ್ಕೆ ಇಳಿಸಿದೆ. ನಾವು ಮೂವರೂ ಗುಡಾಣದ ಸುತ್ತ ಕುಕ್ಕರಗಾಲಿನಲ್ಲಿ ಕೂತೆವು. ಬಹಳ ಹೊತ್ತಾದ ಮೇಲೆ ಆ ಮೀನು ನೆಟ್ಟಗಾಯಿತು.

ಮಾವನವರು ಮುಖ ಎತ್ತಲಿಲ್ಲ. ಬೇರೆ ಗಂಡಸಾಗಿದ್ದರೆ ಬಾಷಾನನ್ನೋ ಬೆಸ್ತರನ್ನೋ ಬೈಯುತ್ತಿದ್ದ. ಅವರು ಯಾರನ್ನೂ ಬೈಯಲಿಲ್ಲ. "ನನ್ನ ದಡ್ಡತನಕ್ಕೆ ಪಾಪ ಅವು ಸತ್ವು," ಎಂದರು, ಅಷ್ಟೇ. ಆ ಮನುಷ್ಯನ ಮೇಲೆ ನನಗೆ ಅಭಿಮಾನ ಹುಟ್ಟಿದ್ದು ತೊಟ್ಟಿ ಕಟ್ಟಿದಾಗಲ್ಲ, ಆ ಮಾತು ಕೇಳಿದಾಗ.

ಅತ್ತೆ ಹೇಳಿದರು, "ಇರೋದು ಇದೊಂದು. ಇದನ್ನ ಇದರ ಮನೆಗೆ ಬುಟ್ಟು ಬರಬೇಕು."

"ಬಾಷಾ ನಾಳೆ ಹಿಂಡಿ ತುಂಬ್ಕೊಂಡು ಮಂಗಳೂರಿಗೆ ಹೋಗ್ತಾನಲ್ಲ, ಕೊಟ್ಟು ಕಳ್ಸಾನ," ಎಂದರು ಮಾವ.

"ಕ್ಲೀನರ್‌ಗೆ ಜರ ಬಂದೈತಂತೆ, ಊರಿಗೆ ಹೋದ. ಬಾಷಾ ಲಾರಿ ಓಡಿಸ್ತಾನೋ, ಇದಕ್ಕೆ ಗಾಳಿ ಹೊಡೀತಾನೋ?"

ಮಾವನವರ ಕೈ ತಾನಾಗಿ ಸೊಂಟದ ಬೀಗದ ಕೈಗೆ ಹೋಯಿತು. "ಅಂಗಡಿ?" ಎಂದರು.

"ಅಂಗಡಿಗೇನು ಉಸಿರು ಕಟ್ಟಲ್ಲ," ಎಂದರು ಅತ್ತೆ. ಜೋರಾಗಿ ಅನ್ನಲಿಲ್ಲ. ಮೀನಿನ ಮೇಲಿನ ಕಣ್ಣನ್ನೂ ತೆಗೆಯಲಿಲ್ಲ.

ಮಾರನೆಯ ಬೆಳಗ್ಗೆ ಬಾಷಾನ ಲಾರಿ ನಮ್ಮ ಮನೆಯ ಮುಂದೆ ನಿಂತಿತು. ಗುಡಾಣದ ನೀರು ಮತ್ತೆ ಕ್ಯಾನಿಗೆ ಹೋಯಿತು, ಮೀನೂ ಹೋಯಿತು. ಮಡಿಲಲ್ಲಿ ಟ್ಯೂಬು ಇಟ್ಟುಕೊಂಡು ಅತ್ತೆ ಕ್ಯಾಬಿನ್ನಿನಲ್ಲಿ ಕೂತರು, ಪಂಪು ಹಿಡಿದು ಮಾವ ಪಕ್ಕದಲ್ಲಿ. ಲಾರಿ ಅಂಗಡಿಯ ಮುಂದೆ ಹಾದು ಹೋಗುವಾಗ ಪೇಟೆಯ ಬೀದಿಯೆಲ್ಲ ಹೊರಗೆ ಬಂದು ನಿಂತಿತ್ತಂತೆ. ಸಾವು ನೋವು ಇಲ್ಲದೆ ಆ ಅಂಗಡಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ನನ್ನ ಗಂಡ ಬೀಗದ ಕೈ ಸಿಕ್ಕೀತೆಂದು ಕೈ ಚಾಚಿದ್ದರು. ಅದು ಮಾವನವರ ಸೊಂಟದಲ್ಲೇ ಮಂಗಳೂರಿಗೆ ಹೋಯಿತು.

ಅವರು ತಿರುಗಿ ಬಂದಾಗ ಬಿಸಿಲಿಗೆ ಇಬ್ಬರ ಮುಖವೂ ಕಪ್ಪಿಟ್ಟಿತ್ತು. ಮೀನು ಬದುಕಿತ್ತು. ಮೊಣಕಾಲುದ್ದ ನೀರಿನಲ್ಲಿ ನಿಂತು ಬಿಟ್ಟಾಗ ಒಂದು ಸಲವೂ ತಿರುಗಿ ನೋಡದೆ ಹೋಯಿತು ಎಂದು ಮಾವ ಅಂಗಡಿಗೆ ಬಂದವರಿಗೆಲ್ಲ ಹೇಳಿದರು. ತಮ್ಮ ಕಥೆಯನ್ನು ತಾವೇ ಹೇಳಿ ತಾವೇ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದರು. ಮೊಳೆ ಕೊಳ್ಳಲು ಬಂದವರು ಅಲೆಯ ಎತ್ತರ ಕೇಳಿಕೊಂಡು ಹೋಗುವಂತಾಯಿತು.

ಕೇರಿಯ ಹೆಂಗಸರು ಅತ್ತೆಯನ್ನು ಮುತ್ತಿಕೊಂಡು ಸಮುದ್ರ ಹೆಂಗಿತ್ತು ಎಂದು ಕೇಳಿದರೆ ಅವರು "ಇತ್ತು ಕಣಮ್ಮ, ನೀರು" ಎಂದಷ್ಟೇ ಹೇಳಿ ಕೆಲಸಕ್ಕೆ ಏಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಒಂದು ದಿನ ಇಬ್ಬರೇ ಕೂತು ಕಡಲೆಕಾಯಿ ಸುಲಿಯುವಾಗ ಕೇಳಿಯೇ ಬಿಟ್ಟೆ. ಅಷ್ಟು ವರ್ಷ ಆಸೆಪಟ್ಟು ನೋಡಿ ಬಂದಿರಿ, ಏನೂ ಹೇಳುವುದಿಲ್ಲವಲ್ಲ ಅತ್ತೆ ಎಂದೆ.

"ಸಮುದ್ರ ಬುಡಮ್ಮ, ಅದೆಲ್ಲಿಗೆ ಹೋಗ್ತದೆ, ಅಲ್ಲೇ ಇರ್ತದೆ," ಎಂದರು. ಮೊರದ ಮೇಲಿನ ಸಿಪ್ಪೆಯನ್ನು ಊದಿ ಹೇಳಿದರು, "ನಿಮ್ಮ ಮಾವ ಅವತ್ತು ಅಂಗಡಿ ತೆಗೀಲೇ ಇಲ್ಲ. ನೋಡ್ದಾ?"

ಅವರಿಬ್ಬರೂ ಹೋಗಿ ಬಹಳ ಕಾಲವಾಯಿತು. ಅಂಗಡಿಯಲ್ಲಿ ಈಗ ನನ್ನ ಗಂಡ ಕೂರುತ್ತಾರೆ, ಅಪ್ಪನ ಹಾಗೆಯೇ, ಏಳದೆ. ನಾನು ಇಷ್ಟು ಬರೆದು ತಲೆ ಎತ್ತುವ ಹೊತ್ತಿಗೆ ಅವರು ಗಾಜಿನ ಕೆಲಸ ಮುಗಿಸಿಕೊಂಡು ತಡವಾಗಿ ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದರು.

"ಇವತ್ತು ಹೋಗಬ್ಯಾಡಿ," ಎಂದೆ.

ತಿರುಗಿ ನೋಡಿದರು. "ಯಾಕೆ? ಮೈಗೆ ಸರಿ ಇಲ್ವಾ?"

"ಸರಿಯಾಗೈತೆ. ಅದಕ್ಕೇ."

ಒಂದು ಗಳಿಗೆ ಹಾಗೇ ನಿಂತಿದ್ದವರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು.