ಸರಸಮ್ಮನವರ ಮನೆಗೆ ಬಂದ ಮರಿಗಳು

ಪಶುವೈದ್ಯವೆಂದರೆ ಹಸು, ಎಮ್ಮೆ, ಕುರಿಗಳ ಮಾತೇ ಆಗಿದ್ದ ಕಾಲದಲ್ಲಿ, ಯಾರಿಗೂ ಬೇಡವಾದ ಬೆಕ್ಕಿನ ಮರಿಗಳನ್ನೂ ರೋಗಿಗಳೆಂದೇ ಕಂಡವರು ಶ್ರೀಮತಿ ಸರಸಮ್ಮನವರು. ೧೯೭೧ರಲ್ಲಿ ಮಧುಗಿರಿ ಸೀಮೆಯ ಪಶು ಚಿಕಿತ್ಸಾಲಯವೊಂದಕ್ಕೆ ಅಟೆಂಡರಾಗಿ ಸೇರಿದ ಅವರು, ಹದಿನೇಳು ವರ್ಷಗಳ ಸೇವೆ ಮುಗಿಸಿ ಈಗ ನಿವೃತ್ತರಾಗುತ್ತಿದ್ದಾರೆ.

ಜನ ಕಾಯಿಲೆಯ ಮರಿಗಳನ್ನು ಬುಟ್ಟಿಯಲ್ಲೋ ಚೀಲದಲ್ಲೋ ತಂದು ಗೇಟಿನ ಬಳಿ ಬಿಟ್ಟುಹೋಗುತ್ತಿದ್ದರು. ಚಿಕಿತ್ಸಾಲಯದಲ್ಲಿ ಅವಕ್ಕೆ ಜಾಗವಿರಲಿಲ್ಲ. ಸರಸಮ್ಮನವರು ಸೆರಗಿನಲ್ಲಿ ಸುತ್ತಿ ಮನೆಗೊಯ್ದು, ಇಂಕ್ ಫಿಲ್ಲರಿನಲ್ಲಿ ಮೇಕೆ ಹಾಲು ಕುಡಿಸಿ, ಗಟ್ಟಿಯಾದವನ್ನು ಸಿರಾ, ಕೊರಟಗೆರೆಯ ಮನೆಗಳಿಗೆ ಕೊಡುತ್ತಿದ್ದರು. ಬದುಕಿದರೆ ಅಗಲಬೇಕು, ಇಲ್ಲವಾದರೆ ಹೂಳಬೇಕು. ಅದಕ್ಕೇ ಯಾವುದಕ್ಕೂ ಹೆಸರಿಡುತ್ತಿರಲಿಲ್ಲ. ಆದರೂ ಪತಿ ದೊಡ್ಡರಂಗಯ್ಯನವರು ಗುದ್ದಲಿ ಹಿಡಿದು ಹಿತ್ತಲಿಗೆ ಹೋದ ದಿನ ಆ ಮನೆಯಲ್ಲಿ ಒಲೆ ಹೊತ್ತುತ್ತಿದ್ದುದು ತಡವಾಗಿ.

೧೯೭೯ರಲ್ಲಿ ಸಾಕಿದ ನಾಲ್ಕು ಮರಿಗಳಿಗೆ ಮಾತ್ರ ಹೇಗೋ ಹೆಸರು ಬಂದುಬಿಟ್ಟಿತ್ತು: ರಾಗಿ, ಗುಂಡ, ಚುಕ್ಕಿ, ಪುಟ್ಟಿ. ಅವು ಮನೆತುಂಬ ಓಡಾಡುವಂತಾದಾಗ, ಪಾವಗಡದ ಬಸ್ಸಿನಲ್ಲಿ ಯಾರೋ ಕಳಿಸಿದ ಕರಿ ಮರಿಯೊಂದು ಬಂತು. ವಾಂತಿ, ಭೇದಿ, ಕತ್ತು ಎತ್ತಲಾರದು. ಬೇರೆ ಕೋಣೆಯಿಲ್ಲದೆ ಅಡುಗೆಮನೆಯ ಮೂಲೆಯಲ್ಲೇ ಮಲಗಿಸಿದರು. ಎಂಟು ದಿನದೊಳಗೆ ಅದೇ ರೋಗ ತಗುಲಿ ನಾಲ್ಕೂ ಸತ್ತವು. ಚುಕ್ಕಿ ಕೊನೆಯದು; ಸರಸಮ್ಮನವರ ಅಂಗೈಯನ್ನು ನೆಕ್ಕುತ್ತಲೇ ಉಸಿರು ಬಿಟ್ಟಿತು. ಕರಿ ಮರಿ ಬದುಕಿತು.

ಮರುದಿನ ಸರಸಮ್ಮನವರು ಅದನ್ನು ಬುಟ್ಟಿಯಲ್ಲಿ ತಂದು ಚಿಕಿತ್ಸಾಲಯದ ವೈದ್ಯರಾದ ಡಾ. ಮರುಳಸಿದ್ದಯ್ಯನವರ ಮೇಜಿನ ಮೇಲಿಟ್ಟರು.

"ಇದನ್ನ ಯಾರಿಗಾದ್ರೂ ಕೊಟ್ಬುಡಿ ಸಾರ್. ಇದರ ಮಕ ನೋಡಕ್ಕಾಗಲ್ಲ ನನ್ನ ಕೈಲಿ."

"ಅದೇನು ಮಾಡಿತು ಸರಸಮ್ಮ?"

"ಅದಲ್ಲ ಸಾರ್, ನಾನು. ನಾನೇ ತಂದು ಕೊಂದ್ಬುಟ್ಟೆ."

ಡಾಕ್ಟರು ಕನ್ನಡಕ ತೆಗೆದರು. "ಬೇರೆ ಇಡಿ ಅಂತ ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ನಿಮ್ಮೊಬ್ಬರದೇ ತಪ್ಪಲ್ಲ ಅದು."

ಅಷ್ಟರಲ್ಲಿ ಮರಿ ಹಸಿವಿಗೆ ಕೂಗಿತು. ಸರಸಮ್ಮನವರು ಬಾಗಿಲವರೆಗೆ ಹೋದವರು ನಿಂತರು. ತಿರುಗಿ ಬಂದು, ಅಳುತ್ತಲೇ ಫಿಲ್ಲರಿಗೆ ಹಾಲು ತುಂಬಿಕೊಂಡರು. ತಿಂಗಳ ಮೇಲೆ ಅದನ್ನು ಐ.ಡಿ.ಹಳ್ಳಿಯ ಜುಂಜಮ್ಮನವರಿಗೆ ಕೊಟ್ಟಾಗ, ಹೆಸರೇನೆಂದು ಕೇಳಿದರೆ, "ನೀವೇ ಇಟ್ಕೊಳಿ ಕಣಮ್ಮ" ಎಂದಷ್ಟೇ ಹೇಳಿ ಒಳಗೆ ಹೋದರಂತೆ.

ಅಲ್ಲಿಂದಾಚೆಗೆ ದೊಡ್ಡರಂಗಯ್ಯನವರು ಹಿತ್ತಲಲ್ಲಿ ಹಂಚಿನ ಸಣ್ಣ ಕೊಟ್ಟಿಗೆ ಕಟ್ಟಿಕೊಟ್ಟರು. ಹೊಸ ಮರಿ ಬಂದರೆ ಮೂರು ವಾರ ಅಲ್ಲೇ; ಮುಟ್ಟಿದ ಮೇಲೆ ಕೈತೊಳೆಯದೆ, ಸೀರೆ ಬದಲಿಸದೆ ಸರಸಮ್ಮನವರು ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಹಾಗಿದ್ದೂ ಬಂದವುಗಳಲ್ಲಿ ಅರ್ಧ ಉಳಿಯಲಿಲ್ಲ. ಪ್ರತಿ ಸಲವೂ ಇನ್ನು ಸಾಕು ಎನ್ನುವರು. ಗೇಟಿನ ಬಳಿ ಮತ್ತೆ ಬುಟ್ಟಿ ಕಂಡರೆ ಮೊದಲು ಬಗ್ಗುವವರು ಅವರೇ.

ಮಾನ್ಯ ಸರಸಮ್ಮನವರಿಗೆ ದೇವರು ದೀರ್ಘಾಯುಸ್ಸನ್ನೂ, ಬಗ್ಗಿ ಏಳಲು ಸೊಂಟಕ್ಕೆ ಬಲವನ್ನೂ ಕೊಡಲಿ. ಅವರ ಹಿತ್ತಲಲ್ಲಿ ಮಣ್ಣು ಅಗೆಯುವ ದಿನಗಳು ಇನ್ನಾದರೂ ಕಡಿಮೆಯಾಗಲಿ.