ಮೇಲಿನ ಸಾಲು, ಕೆಳಗಿನ ಸಾಲು

ಊರಿನ ಕಾರುಗಳ ಹೊಟ್ಟೆಯೊಳಗಿನ ಗುಟ್ಟೆಲ್ಲ ಪ್ಲಗ್ಗಕ್ಕನಿಗೆ ಗೊತ್ತಿತ್ತು. ಹೆತ್ತವರು ಇಟ್ಟ ಹೆಸರು ಬೇರೆಯೇ; ಆ ಹೆಸರು ಹಿಡಿದು ಕರೆಯುವವರು ಮಾತ್ರ ಯಾರೂ ಇರಲಿಲ್ಲ. ಗ್ಯಾರೇಜಿಗೆ ಬಂದ ಗಾಡಿ ಕೆಮ್ಮಲಿ, ಮೊಂಡು ಹಿಡಿದು ನಿಲ್ಲಲಿ, ಅವಳು ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ಮೂತಿ ನೋಡುವಳು. ಕಿಡಿ ಹಾರುವ ಆ ತುದಿ ಮಸಿಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಚೋಕ್ ಎಳೆದೇ ಬಿಟ್ಟಿದ್ದಾರೆ. ಬೆಳ್ಳಗೆ ಬೂದಿ ಬಳಿದಂತಿದ್ದರೆ ಪ್ಲಗ್ ಅತಿಯಾಗಿ ಕಾಯುತ್ತಿದೆ. ಬಿಸ್ಕತ್ತಿನ ಬಣ್ಣವಿದ್ದರೆ ಚಿಂತೆಯಿಲ್ಲ. ಗಿರಾಕಿ ಬಾಯಿ ತೆರೆಯುವ ಮುಂಚೆಯೇ, "ಚೋಕ್ ಎಳೆದು ಅದಕ್ಕೇನು ಶರ್ಟ್ ನೇತು ಹಾಕಿದ್ರಾ?" ಎಂದು ಗದರಿಸಿ ಕಳಿಸುತ್ತಿದ್ದಳು. ಬೈಸಿಕೊಂಡವರು ಮತ್ತೆ ಅಲ್ಲಿಗೇ ಬರುತ್ತಿದ್ದರು.

ಆ ಕೈಗೆ ಸ್ಪ್ಯಾನರ್ ಕೊಟ್ಟವನು ಅವಳ ಅಣ್ಣ. ಅಪ್ಪ ಹೋದ ಮೇಲೆ ನೆಂಟರೆಲ್ಲ ಸೇರಿ, ಹುಡುಗಿಯನ್ನು ಹೊಲಿಗೆಗೆ ಹಾಕು, ಗ್ರೀಸು ಮೆತ್ತಿದ ಹೆಣ್ಣನ್ನು ಯಾರು ಕೇಳುತ್ತಾರೆ ಎಂದು ಅವನ ತಲೆ ತಿಂದಿದ್ದರು. ಅಣ್ಣ, "ಅವಳ ಕೈ, ಅವಳ ಇಷ್ಟ. ನಿಮಗ್ಯಾಕೆ ಹೊಟ್ಟೆನೋವು?" ಎಂದು ಒಂದೇ ಮಾತಿನಲ್ಲಿ ಅವರ ಬಾಯಿ ಮುಚ್ಚಿಸಿದ್ದ. ಆ ಮಾತನ್ನು ಅವಳು ಎಂದೂ ಮರೆಯಲಿಲ್ಲ. ಬೇಸರವಾದ ದಿನ ಅದನ್ನು ನೆನೆದುಕೊಂಡೇ ಗ್ಯಾರೇಜಿನ ಬಾಗಿಲು ತೆಗೆಯುತ್ತಿದ್ದಳು.

ಇಂಥ ಅಣ್ಣನಿಗೆ ನಡುವಯಸ್ಸು ದಾಟಿದ ಮೇಲೆ ವಿಮಾನದ ಹುಚ್ಚು ಹತ್ತಿತು. ನೋಡುವ ಹುಚ್ಚಲ್ಲ, ಕಟ್ಟುವ ಹುಚ್ಚು. ಹಾರುವುದನ್ನು ಕಲಿತು ಬಂದ. ಆಮೇಲೆ ಗ್ಯಾರೇಜಿನ ಹಿಂದಿನ ಶೆಡ್ಡಿನಲ್ಲಿ ಇಬ್ಬರು ಕೂರುವ ಪುಟ್ಟ ವಿಮಾನವೊಂದರ ಪಕ್ಕೆಲುಬು ಜೋಡಿಸತೊಡಗಿದ. "ಮನೇಲಿ ಒಂದು ಮೊಳೆ ಹೊಡೀರಿ ಅಂದ್ರೆ ಪುರುಸೊತ್ತಿಲ್ಲ, ರೆಕ್ಕೆಗಾದ್ರೆ ಹಗಲೆಲ್ಲ ಹೊಡೀತಾರೆ" ಎಂದು ಅತ್ತಿಗೆ ಗೊಣಗಿದಳು. ಗೊಣಗುತ್ತಲೇ ಶೆಡ್ಡಿಗೆ ಚಹಾ ತಂದುಕೊಡುತ್ತಿದ್ದಳು.

ಎಂಜಿನ್ನು ಮಾತ್ರ ಹಳೆಯ ವಿಮಾನವೊಂದರದ್ದು. ಅದನ್ನು ಕಂಡು ಪ್ಲಗ್ಗಕ್ಕ ಹುಬ್ಬೇರಿಸಿದಳು. ಕಾರಿನಲ್ಲಿ ಸಿಲಿಂಡರಿಗೊಂದು ಪ್ಲಗ್. ಇದಕ್ಕೆ ಎರಡೆರಡು, ಮೇಲೊಂದು ಸಾಲು, ಕೆಳಗೊಂದು ಸಾಲು. ಎರಡು ಸಾಲಿಗೂ ಬೇರೆ ಬೇರೆ ಕಡೆಯಿಂದ ಕರೆಂಟು. ಒಂದು ಸಾಲು ಕೈಕೊಟ್ಟರೂ ಇನ್ನೊಂದು ನಡೆಸುತ್ತದೆ. ಕಾರು ಕೆಟ್ಟರೆ ರಸ್ತೆಯ ಪಕ್ಕಕ್ಕೆ ತಳ್ಳಬಹುದು, ಆಕಾಶದಲ್ಲಿ ಎಲ್ಲಿಗೆ ತಳ್ಳುವುದು? ಅದು ಅವಳಿಗೆ ಅರ್ಥವಾಯಿತು. ಅರ್ಥವಾಗದ್ದೆಂದರೆ ವಿಮಾನದ ಪ್ಲಗ್ಗಿನ ಗತ್ತು. ದಪ್ಪ, ಭಾರ, ಮೈತುಂಬ ಲೋಹದ ಕವಚ. ತರಿಸಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕು. "ಅಣ್ಣ, ನಡುವೆ ಅಳತೆ ಹೊಂದಿಸೋ ಒಂದು ಬುಷ್ ಹಾಕಿದ್ರೆ ನಮ್ಮ ಕಾರಿನ ಪ್ಲಗ್ಗೇ ಕೂರುತ್ತೆ. ಎರಡು ಸಾಲಿಗೂ ಹಾಕಿಬಿಡೋಣ. ಇವತ್ತು ಕೇಳಿದ್ರೆ ಇವತ್ತೇ ಅಂಗಡೀಲಿ ಸಿಗುತ್ತೆ" ಅಂದಳು. ಸ್ವಂತಕ್ಕೆ ಕಟ್ಟಿಕೊಂಡ ವಿಮಾನವಾದ್ದರಿಂದ ಅದಕ್ಕೆ ಕಾನೂನಿನ ಅಡ್ಡಿಯೂ ಇರಲಿಲ್ಲ.

ಅಡ್ಡಿ ಬಂದದ್ದು ಕೊಕ್ಕೆ ಸಾಹೇಬರಿಂದ. ವಿಮಾನದ ವರ್ಕ್‌ಶಾಪಿನಲ್ಲಿ ತನಿಖೆಯ ಕೆಲಸ ಮಾಡಿ ನಿವೃತ್ತರಾಗಿದ್ದ ಅವರು ಅಣ್ಣನ ಕೆಲಸವನ್ನು ಹೆಜ್ಜೆಹೆಜ್ಜೆಗೂ ನೋಡಿ ಸರಿ ಎನ್ನಬೇಕಿತ್ತು. ಪ್ರತಿಯೊಂದಕ್ಕೂ ಕೊಕ್ಕೆ ಹಾಕುತ್ತಿದ್ದುದರಿಂದ ಆ ಹೆಸರಿಟ್ಟವಳು ಪ್ಲಗ್ಗಕ್ಕನೇ.

"ಕೆಳಗಿನ ಸಾಲು ನಿನ್ನ ಕಾರಿನದು ಹಾಕಮ್ಮ, ಬೇಡ ಅನ್ನಲ್ಲ. ಮೇಲಿನ ಸಾಲು ವಿಮಾನದ್ದೇ ಇರಲಿ" ಅಂದರು ಅವರು.

"ಕೆಳಗೆ ಸರಿ ಹೋಗೋದು ಮೇಲೆ ಯಾಕೆ ಆಗಲ್ಲ?"

"ಆಗಬಹುದು. ಆದ್ರೆ ಎರಡೂ ಸಾಲಿಗೆ ಒಂದೇ ಕಾಯಿಲೆ ಬರಬಾರದು."

ಅವಳು ವಾದ ಮಾಡಿದಳು, ರೇಗಿದಳು, ಮೂರು ದಿನ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಸಾಹೇಬರು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಅವರು ಹೇಳಿದಂತೆಯೇ ಆಯಿತು.

ನೆಲದ ಮೇಲೆ ಎಂಜಿನ್ ಓಡಿಸಿ ನೋಡಿದರು. ಸದ್ದು ಚೆನ್ನಾಗಿತ್ತು. ಹಾರುವ ಹಿಂದಿನ ದಿನ ಅವಳು ತನ್ನ ಸಾಲಿನ ಪ್ಲಗ್ ಬಿಚ್ಚಿ ಮೂತಿ ನೋಡಿದಳು. ಎಲ್ಲವೂ ಬೂದಿ ಬಣ್ಣ. ಅಂದರೆ ಪ್ಲಗ್ ಕಾಯುತ್ತಿದೆ, ಹೀಗೇ ಬಿಟ್ಟರೆ ಕಿಡಿಗಿಂತ ಮುಂಚೆಯೇ ಪೆಟ್ರೋಲ್ ಹತ್ತಿಕೊಂಡು ಎಂಜಿನ್ ಹೋಗುತ್ತದೆ, ಎಂಜಿನ್ ಜೊತೆಗೆ ಅಣ್ಣ. ಸಾಹೇಬರು ಆ ದಿನ ಬಂದಿರಲಿಲ್ಲ. ಅವಳು ಶಾಖವನ್ನು ಬೇಗ ಬಿಟ್ಟುಕೊಡುವ, ತಣ್ಣನೆಯ ಜಾತಿಯ ಪ್ಲಗ್ ತಂದು ಹಾಕಿದಳು. ಅಣ್ಣ, "ನಿನಗೆ ತಿಳಿದಿದ್ದು ನನಗೇನು ತಿಳಿಯುತ್ತೆ? ಹಾಕು" ಅಂದ. ಅಷ್ಟು ನಂಬಿಕೆ ಅವನಿಗೆ.

ಮರುದಿನ ಬೆಳಿಗ್ಗೆ ಬಯಲಿನಲ್ಲಿ ಒಂದೊಂದೇ ಸಾಲು ಆಫ್ ಮಾಡಿ ಪರೀಕ್ಷೆ ಮಾಡಿದಾಗ ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ಅಡ್ಡಗಾಳಿ ಎದ್ದಿತು. ಗಾಳಿ ಇಳಿಯಲಿ ಎಂದು ಅಣ್ಣ ಎಂಜಿನ್ನನ್ನು ಮೆಲ್ಲಗೆ ಓಡುವಂತೆ ಬಿಟ್ಟು ಬಹಳ ಹೊತ್ತು ಕಾದ. ಆಮೇಲೆ ಹಾರಿದ. ಗಿಡಗಳ ಮೇಲೆ ರೆಕ್ಕೆ ಏರಿದಾಗ ಅತ್ತಿಗೆ ಕಣ್ಣು ಮುಚ್ಚಿಕೊಂಡಳು. ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಸದ್ದು ಒರಟಾಯಿತು. ಪ್ಲಗ್ಗಕ್ಕನ ಕಿವಿಗೆ ಅದು ಎಲ್ಲರಿಗಿಂತ ಮುಂಚೆ ಬಿತ್ತು. ಅಣ್ಣ ಅವಸರ ಮಾಡದೆ ತಿರುಗಿಸಿಕೊಂಡು ಬಂದು ಇಳಿದ.

ಬಯಲಿಗೆ ಬಂದಿದ್ದ ಸಾಹೇಬರು ಅವನನ್ನು ಸೀಟಿನಿಂದ ಏಳಲು ಬಿಡಲಿಲ್ಲ. "ಎಂಜಿನ್ ನಿಲ್ಲಿಸ್ಬೇಡಿ. ಮೇಲಿನ ಸಾಲು ಆಫ್ ಮಾಡಿ" ಅಂದರು. ಅಣ್ಣ ಸ್ವಿಚ್ ತಿರುಗಿಸಿದ. ಎಂಜಿನ್ ಎರಡು ಸಲ ಬಿಕ್ಕಳಿಸಿ, ಇಡೀ ವಿಮಾನವನ್ನು ಅಲುಗಾಡಿಸಿ, ನಿಂತೇ ಹೋಯಿತು; ಕೆಳಗಿನ ಸಾಲಿನಲ್ಲಿ ಜೀವವೇ ಇರಲಿಲ್ಲ. ಬಯಲು ನಿಶ್ಶಬ್ದವಾಯಿತು. ಎರಡೂ ಸಾಲು ತನ್ನ ಹಟದಂತೆಯೇ ಆಗಿದ್ದರೆ ಈ ನಿಶ್ಶಬ್ದ ಎಲ್ಲಿ ಆಗುತ್ತಿತ್ತು ಎನ್ನುವುದನ್ನು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಹುಲ್ಲಿನ ಮೇಲೆ ಕುಳಿತುಬಿಟ್ಟಳು.

ಸಾಹೇಬರು ಕೆಳಗಿನ ಸಾಲಿನ ಪ್ಲಗ್ ಬಿಚ್ಚಿ ತಂದು ಅವಳ ಪಕ್ಕದಲ್ಲೇ ಕುಳಿತು, ಹಿಂದಿನ ದಿನ ಅವಳು ಪ್ಲಗ್ ಬದಲಿಸಿದ್ದನ್ನು ಕೇಳಿ ತಿಳಿದುಕೊಂಡರು. ತುದಿಯ ತುಂಬ ಸಾಸಿವೆಯಂಥ ಬೂದು ಕಾಳುಗಳು. "ಇದು ಸೀಸ. ಕಾರಿನ ಪೆಟ್ರೋಲಲ್ಲಿ ಈಗ ಇಲ್ಲ, ವಿಮಾನದ್ದರಲ್ಲಿ ಇದೆ. ನೀನು ನಿನ್ನೆ ನೋಡಿದ ಬೂದಿ ಬಣ್ಣ ಶಾಖದ್ದಲ್ಲ, ಇದರದ್ದು. ಮೊದಲಿದ್ದ ಬಿಸಿ ಜಾತಿಯ ಪ್ಲಗ್ಗೇ ಇದ್ದಿದ್ರೆ ಇದು ಸುಟ್ಟು ಹೋಗ್ತಿತ್ತು. ಎಂಜಿನ್ ಮೆಲ್ಲಗೆ ಓಡ್ತಿದ್ದಷ್ಟು ಹೊತ್ತೂ ತಣ್ಣನೆ ಪ್ಲಗ್ ಮೇಲೆ ಕೂತು ಕಿಡಿಗೆ ಜಾಗ ಇಲ್ಲದ ಹಾಗೆ ಮಾಡ್ತು."

ಕಾರಿನ ಕಣ್ಣಿನಿಂದ ವಿಮಾನದ ಮುಖ ಓದಿದ್ದಳು. ಸಾಹೇಬರು ಒಂದು ಬೈಗುಳವನ್ನೂ ಆಡಲಿಲ್ಲ. ಅವಳಾಗಿದ್ದರೆ ಎದುರಿನವರ ಚಳಿ ಬಿಡಿಸುತ್ತಿದ್ದಳು. ಅಣ್ಣ ಬಂದು ಅವಳ ತಲೆ ಮೇಲೆ ಕೈಯಿಟ್ಟು, "ಇದ್ದೀನಲ್ಲೇ, ಏಳು" ಅಂದ. ಅವಳು ಎದ್ದಳು, ಆದರೆ ಉಪಕರಣದ ಪೆಟ್ಟಿಗೆಗೆ ಬೀಗ ಹಾಕಿ ಅತ್ತಿಗೆಯ ಕೈಗೆ ಕೀಲಿ ಕೊಟ್ಟಳು. ಗ್ಯಾರೇಜಿಗೂ ಹೋಗಲಿಲ್ಲ. ಅಣ್ಣನ ಜೀವದ ಜೊತೆ ಆಟವಾಡಿದ ಈ ಕೈ ಇನ್ನು ಯಾವ ಎಂಜಿನ್ನನ್ನೂ ಮುಟ್ಟಬಾರದು ಎಂದು ತೀರ್ಮಾನಿಸಿದ್ದಳು.

ಭಾನುವಾರ ಸಾಹೇಬರೇ ಮನೆಗೆ ಬಂದರು. "ಕೆಳಗಿನ ಸಾಲಿಗೆ ಪ್ಲಗ್ ಹಾಕ್ಬೇಕು, ಬಾ."

"ನಿಮ್ಮ ವಿಮಾನದ್ದೇ ಹಾಕ್ಕೊಳ್ಳಿ ಸಾಹೇಬ್ರೇ. ನನ್ನವು ಬೇಡ."

"ತಪ್ಪಿದ್ದು ನಿನ್ನ ಕಣ್ಣು, ಪ್ಲಗ್ಗಿಗ್ಯಾಕೆ ಶಿಕ್ಷೆ? ಈಗ ಕಣ್ಣೂ ಕಲಿತಿದೆ. ಮೊದಲು ಹಾಕಿದ್ದೆಯಲ್ಲ, ಅದೇ ಸರಿಯಾಗಿತ್ತು. ಏಳಮ್ಮ."

ಅತ್ತಿಗೆಯಿಂದ ಕೀಲಿ ತೆಗೆದುಕೊಂಡು ಹೋಗಿ ಹಾಕಿದಳು. ನೆಲದ ಮೇಲೆ ಎಲ್ಲ ಪರೀಕ್ಷೆ ಮುಗಿಯಿತು. ಅಣ್ಣ ಹತ್ತಿ ಕುಳಿತ. ಪಕ್ಕದ ಸೀಟಿಗೆ ಯಾರೂ ಹೇಳದೆಯೇ ಸಾಹೇಬರು ಹತ್ತಿದರು. "ನೀವ್ಯಾಕೆ?" ಎಂದು ಅವಳು ಕೂಗಿದ್ದು ಎಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ವಿಮಾನ ಚೆನ್ನಾಗಿ ಎತ್ತರಕ್ಕೆ ಏರಿ ಬಯಲಿನ ಮೇಲೆಯೇ ಸುತ್ತು ಹೊಡೆಯಿತು. ಒಂದೇ ಸಮನೆ ಸದ್ದು. ಅವಳು ಆ ಸದ್ದನ್ನೇ ಕೇಳುತ್ತ ನಿಂತಳು. ಇಳಿದ ಮೇಲೆ ಅಣ್ಣ ನಗುತ್ತ ಬಂದು, "ಮೇಲೆ ಹೋದ್ಮೇಲೆ ಸಾಹೇಬ್ರು ಏನು ಮಾಡಿದ್ರು ಗೊತ್ತಾ? ಮೇಲಿನ ಸಾಲು ಆಫ್ ಮಾಡಿಬಿಟ್ರು. ಒಂದು ಸುತ್ತು ಪೂರ್ತಿ ನಿನ್ನ ಪ್ಲಗ್ ಮೇಲೇ ಬಂದ್ವಿ" ಅಂದ.

"ಯಾರನ್ನ ಕೇಳಿ ಆಫ್ ಮಾಡಿದ್ರಿ?" ಎಂದು ಅವಳು ಸಾಹೇಬರ ಮೇಲೆ ಏರಿ ಹೋದಳು.

"ಕೇಳಿದ್ರೆ ನೀನು ಬಿಡ್ತಿದ್ಯಾ?"

ಅವಳ ಸಿಟ್ಟು ಅಲ್ಲಿಗೇ ಇಳಿಯಿತು. ಗ್ರೀಸು ಮೆತ್ತಿದ ಕೈಯಿಂದಲೇ ಅವರ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. "ಅವತ್ತು ನಮ್ಮಣ್ಣನ್ನ ಉಳಿಸಿದ್ರಿ. ಇವತ್ತು ನನ್ನನ್ನ ಉಳಿಸಿದ್ರಿ" ಅಂದಳು.