ಖಾಲಿ ಬಿಡದ ರ‍್ಯಾಕು

ಇದನ್ನ ಯಾರಿಗೂ ಹೇಳಿರ್ಲಿಲ್ಲ. ಪಿಯುಸಿ ರಜೇಲಿ ಮೇಟಗಳ್ಳಿಯ ಒಂದು ಹಿತ್ತಾಳೆ ಸಾಮಾನಿನ ಗೋಡೌನಿಗೆ ಕೆಲಸಕ್ಕೆ ಹೋಗ್ತಿದ್ದೆ. ಅಂಗಡಿ, ಫೋನು, ಇಂಟರ್‌ನೆಟ್ಟು, ಎಲ್ಲಿಂದ ಆರ್ಡರ್ ಬಂದ್ರೂ ಒಂದೇ ಕಂಪ್ಯೂಟರಲ್ಲಿ ಕಾಣೋದು. ನಾನು ಸ್ಕ್ಯಾನರ್ ಹಿಡ್ಕೊಂಡು ಹೋಗಿ ಸಾಮಾನು ತೆಗೀಬೇಕು.

ಅವತ್ತು ಇಂಟರ್‌ನೆಟ್ಟಲ್ಲಿ ಯಾರೋ ಗೃಹಪ್ರವೇಶಕ್ಕೆ ಅಂತ ತೂಗುದೀಪ ಕೇಳಿದ್ರು. ಕಂಪ್ಯೂಟರು ಒಂದಿದೆ ಅಂತ ತೋರಿಸ್ತು. ಕೊರಿಯರ್ ವ್ಯಾನು ಬಾಗ್ಲಲ್ಲೇ ಹಾರ್ನ್ ಹೊಡೀತಿತ್ತು. ದೀಪಕ್ಕೆ ಕೈ ಹಾಕಿದ್ದೇ ತಡ, ಗೋಡೌನ್ ನೋಡ್ಕೊಳ್ಳೋ ಶಿವಣ್ಣೋರು ಅಡ್ಡ ಬಂದ್ರು.

"ಅದು ಕೊನೇದು ಕಣಮ್ಮ, ಮುಟ್ಬೇಡ. ಮಂಡಿ ಮೊಹಲ್ಲಾದ ಅಂಗಡೀಲಿ ಇದ್ದಾಗ್ಲೂ ನಾನು ರ‍್ಯಾಕು ಖಾಲಿ ಬಿಟ್ಟೋನಲ್ಲ."

"ಕಂಪ್ಯೂಟರು ಅದನ್ನ ಆಗ್ಲೇ ಮಾರ್ಬುಟ್ಟಿದೆ ಸಾರ್."

"ಹಂಗಾದ್ರೆ ಕಂಪ್ಯೂಟರ್‌ನೇ ಕಟ್ಟಿ ಕಳ್ಸು!"

"ಹೊರಡ್ಲಾ?" ಅಂತ ಡ್ರೈವರ್ ಕೂಗ್ದ. ಇವತ್ತು ಹೋಗ್ದಿದ್ರೆ ದೀಪ ಗೃಹಪ್ರವೇಶಕ್ಕೆ ತಲುಪಲ್ಲ. ವಾದ ಮಾಡೋ ಧೈರ್ಯ ಇಲ್ದೆ, ಬ್ಯಾಗಿಂದ ಅರ್ಧ ಓದಿದ್ದ ಪತ್ತೇದಾರಿ ಕಾದಂಬರಿ ತೆಗ್ದು ದೀಪದ ಪಕ್ಕ ಇಟ್ಟೆ.

"ಈಗ ಖಾಲಿ ಆಗಲ್ಲ ಸಾರ್."

ಅವ್ರು ಪುಸ್ತಕ ನೋಡಿದ್ರು, ನನ್ನ ನೋಡಿದ್ರು. ಆಮೇಲೆ ತಾವೇ ದೀಪ ಎತ್ತಿ ನನ್ನ ಕೈಗಿಟ್ರು.

ದೀಪ ಹೋಯ್ತು. ಹೊಸ ಸ್ಟಾಕು ಬರೋಕೆ ಹದಿನೈದು ದಿನ ಆಯ್ತು. ಅಲ್ಲೀವರ್ಗೂ ಆ ಪುಸ್ತಕ ಮುಟ್ಟೋಕೆ ಶಿವಣ್ಣೋರು ಬಿಡ್ಲೇ ಇಲ್ಲ. ಕೊಲೆ ಮಾಡಿದ್ದು ಯಾರು ಅಂತ ಯೋಚಿಸ್ತಾ ದಿನಾ ಅದರ ಮುಂದೇನೇ ಓಡಾಡ್ತಿದ್ದೆ.